ಮಟ್ಟುವಿನ ಗದ್ದೆಗಳಲ್ಲಿ ಗುಳ್ಳದ ಹೊತ್ತು

ಕಟಪಾಡಿ ಪೇಟೆಯಲ್ಲಿ ಹೆದ್ದಾರಿ 66ನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಲಾರಿಗಳ ಸದ್ದು ಹಿಂದೆ ಉಳಿಯುತ್ತದೆ. ಮುಂದೆ ತೆಂಗಿನ ಸಾಲು, ಕೆಂಪು ಕಲ್ಲಿನ ಪಾಗಾರ, ದೈವಸ್ಥಾನದ ಕಟ್ಟೆ, ಮತ್ತೆ ತೆಂಗು. ಗಾಳಿಯಲ್ಲಿ ಉಪ್ಪಿನ ವಾಸನೆ ಹತ್ತಿದರೆ ಮಟ್ಟು ಬಂತೆಂದು ತಿಳಿಯಬಹುದು. ಊರಿನ ಒಂದು ಪಕ್ಕಕ್ಕೆ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕಕ್ಕೆ ಹೊಳೆ, ನಡುವೆ ಮರಳು ಬೆರೆತ ತಗ್ಗು ಗದ್ದೆಗಳು. ಹೆಚ್ಚಿನವರು ಇಲ್ಲಿಗೆ ಬರುವುದು ಕಡಲ ತೀರಕ್ಕೆ. ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಚುರುಮುರಿ ತಿಂದು ಹೋಗುತ್ತಾರೆ. ನಾನು ಬಂದದ್ದು ಇಲ್ಲಿನವರು ಗುಳ್ಳ ಎನ್ನುವ ಒಂದು ಬದನೆಕಾಯಿಯನ್ನು ನೋಡಲಿಕ್ಕೆ. ಅದಕ್ಕೆ ಸಂಜೆಯ ಬಿಸಿಲು ಆಗುವುದಿಲ್ಲ, ಬೆಳಿಗ್ಗೆ ಏಳಕ್ಕೆ ಗದ್ದೆಯಲ್ಲಿ ಇರಬೇಕು.

ತುಳು ತಿಂಗಳ ಲೆಕ್ಕದಲ್ಲಿ ಮಾಯಿ ಮುಗಿದು ಸುಗ್ಗಿ ಹುಟ್ಟುವ ಸಮಯ. ಘಟ್ಟದ ಮೇಲಿನವರಿಗೆ ಯುಗಾದಿ ಹತ್ತಿರವಾಯಿತು, ಇಲ್ಲಿನವರಿಗೆ ಬಿಸು. ಬಿಸುವಿನ ಬೆಳಿಗ್ಗೆ ಕಣಿ ಇಡಲು ಹೊಸ ಫಲಗಳು ಬೇಕು. ಸೌತೆಕಾಯಿ, ಎಳೆ ಹಲಸು, ಮಾವಿನ ಮಿಡಿ, ಗೇರುಹಣ್ಣು ಎಲ್ಲ ಒಂದೊಂದಾಗಿ ತಯಾರಾಗುತ್ತಿರುತ್ತವೆ. ಕರಾವಳಿಯ ವಸಂತ ಹೂವಿಗಿಂತ ಕಾಯಿಯಲ್ಲಿ ಹೆಚ್ಚು ಕಾಣುತ್ತದೆ. ಮಟ್ಟುವಿನಲ್ಲಂತೂ ಅದು ಗುಳ್ಳದ ಗಿಡದಲ್ಲೇ ಕಾಣುವುದು.

ಗದ್ದೆಯ ಹುಣಿಯ ಮೇಲೆ ನಿಂತು ನೋಡಿದರೆ ಮೊದಲಿಗೆ ಬರೀ ಎಲೆ. ಮೊಳಕಾಲಿನ ಮೇಲೆ ಬರುವ ಗಿಡಗಳು, ಎಲೆಯ ಅಡಿಗೆ ಬೂದಿ ಬಣ್ಣದ ರೋಮ, ಅಲ್ಲಲ್ಲಿ ನೇರಳೆ ಹೂ. ಬಗ್ಗಿದರೆ ಕಾಯಿ ಕಾಣುತ್ತದೆ. ಉರುಟು, ತಿಳಿ ಹಸಿರು, ತಳದಿಂದ ಮೇಲಕ್ಕೆ ಹರಡಿದ ಬಿಳಿ ಗೀರುಗಳು. ನೇರಳೆ ಬದನೆಯನ್ನೇ ಬದನೆ ಎಂದು ತಿಳಿದವರಿಗೆ ಇದು ಬೇರೆಯೇ ಕಾಯಿ. ಸಾಲಿನ ನಡುವೆ ಬುಟ್ಟಿ ಇಟ್ಟುಕೊಂಡು ಕೊಯ್ಯುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, "ಎಂತ, ಗುಳ್ಳ ನೋಡ್ಲಿಕ್ಕೆ ಬಂದದ್ದಾ? ನೋಡಿ, ನೋಡಿ. ತೊಟ್ಟಿಗೆ ಮಾತ್ರ ಕೈ ಹಾಕ್ಬೇಡಿ ಮಾರಾಯ್ರೆ, ಮುಳ್ಳುಂಟು" ಎಂದರು. ತೊಟ್ಟಿನ ಮುಳ್ಳು ಸಣ್ಣದಲ್ಲ. ಹೊಸಬರು ಇದನ್ನು ಕಾಯಿಯ ಕುಂದು ಎಂದುಕೊಳ್ಳಬಹುದು, ಹಳೆಯ ಗಿರಾಕಿಗಳಿಗೆ ಅದೇ ಗುರುತು. ಆ ಹೆಂಗಸಿನ ಬೆರಳುಗಳು ಎರಡು ಮುಳ್ಳಿನ ನಡುವೆ ಹೋಗಿ ತೊಟ್ಟನ್ನು ಕತ್ತರಿಸಿ ಬರುವ ವೇಗ ನೋಡಿದರೆ ನಮಗೆ ಮಾತೇ ಹೊರಡುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಇದೇ ಸಾಲುಗಳಲ್ಲಿ ಮತ್ತೆ ಕೊಯ್ಲು. ಹಾಗೆ ಡಿಸೆಂಬರ್‌ನಿಂದ ಮಳೆಗಾಲದ ಹೊಸ್ತಿಲವರೆಗೆ.

ಈ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ. ಏಣಿಲು ಬೆಳೆ ಕೊಯ್ದು, ಗದ್ದೆ ಆರಿ, ಹೂಡಿ, ಏರಿ ಮಾಡಿದ ಮೇಲೆ ಗುಳ್ಳದ ಸಸಿ. ಸಸಿಮಡಿಯನ್ನು ಅದಕ್ಕೂ ಮೊದಲೇ, ಮಳೆ ಇನ್ನೂ ಬಿಡದ ದಿನಗಳಲ್ಲಿ ಎತ್ತರದ ಜಾಗದಲ್ಲಿ ಮಾಡಿರುತ್ತಾರೆ. ತಿಂಗಳ ಸಸಿಯನ್ನು ಕಿತ್ತು ತಂದು ನೆಟ್ಟ ಮೇಲೆ ಎರಡು ತಿಂಗಳು ದಾಟುವ ಹೊತ್ತಿಗೆ ಮೊದಲ ಕಾಯಿ. ಬುಡಕ್ಕೆ ಹಟ್ಟಿಗೊಬ್ಬರ, ಸುಡುಮಣ್ಣು, ಬೂದಿ, ಹಿಂಡಿ. ಕಡಲು ಹತ್ತಿರವಿರುವ ಊರಾದ್ದರಿಂದ ಹಿಂದೆ ಮೀನಿನ ಗೊಬ್ಬರವೂ ಗದ್ದೆಗೆ ಬರುತ್ತಿತ್ತು. ಈಗ ಕೆಲವು ಗದ್ದೆಗಳಲ್ಲಿ ಏರಿಯ ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಮಿರುಗುತ್ತದೆ, ಅದರಡಿ ಹನಿ ನೀರಾವರಿಯ ಪೈಪು. ಕಳೆ ಕೀಳಲು ಆಳು ಸಿಗದ ಊರಿನಲ್ಲಿ ಇದಕ್ಕೆ ಮೂಗು ಮುರಿಯುವ ಹಕ್ಕು ಪೇಟೆಯಿಂದ ಬಂದ ನನಗಿಲ್ಲ.

ಭತ್ತದ ವಿಷಯ ಇಲ್ಲಿ ಸುಮ್ಮನೆ ಬಂದದ್ದಲ್ಲ. ಬದನೆ ಬೆಳೆಗೆ ದೊಡ್ಡ ಶತ್ರು ಎರಡು. ಒಂದು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಇನ್ನೊಂದು ಮಣ್ಣಿನಲ್ಲಿರುವ ದುಂಡಾಣುವಿನಿಂದ ಬರುವ ಸೊರಗು ರೋಗ, ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಜೋತುಬೀಳುತ್ತದೆ. ಬದನೆಯ ಮೇಲೆ ಬದನೆ ಹಾಕುತ್ತಾ ಹೋದರೆ ರೋಗ ಮಣ್ಣಿನಲ್ಲಿ ಮನೆ ಮಾಡುತ್ತದೆ. ಮಳೆಗಾಲವಿಡೀ ನೀರು ನಿಂತು ಭತ್ತ ಬೆಳೆದ ಗದ್ದೆಯಲ್ಲಿ ಅದರ ಕಾಟ ತಗ್ಗುತ್ತದೆ. ಹಾಗಾಗಿ ಕರಾವಳಿಯಲ್ಲಿ ಭತ್ತದ ಗದ್ದೆಗಳು ಹಡಿಲು ಬೀಳುತ್ತಿರುವ ಸುದ್ದಿಯನ್ನು ಗುಳ್ಳ ತಿನ್ನುವವರೂ ಓದಬೇಕು. ಏಣಿಲು ಹೋದರೆ ಅದರ ಹಿಂದೆ ಬರುವ ತರಕಾರಿಯೂ ಕಷ್ಟಕ್ಕೆ ಬೀಳುತ್ತದೆ.

ಹೂವಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಇನ್ನೊಂದು ಕೆಲಸ ಕಾಣುತ್ತದೆ. ಬದನೆ ಹೂವಿನ ಪರಾಗ ಕೇಸರದ ತುದಿಯಲ್ಲಿರುವ ಸಣ್ಣ ತೂತಿನಿಂದ ಮಾತ್ರ ಹೊರಗೆ ಬರುತ್ತದೆ. ಸುಮ್ಮನೆ ಬಂದು ಕೂತ ಜೇನಿಗೆ ಅದು ಸಿಗುವುದಿಲ್ಲ. ಮರ ಕೊರೆಯುವ ಕರಿ ದುಂಬಿ, ನೀಲಿ ಪಟ್ಟೆಯ ಒಂಟಿ ಜೇನು ಇಂಥವು ಹೂವನ್ನು ಹಿಡಿದು ಗುಂಯ್ ಎಂದು ಮೈ ಅದುರಿಸುತ್ತವೆ, ಆ ಅದುರಿಗೆ ಪರಾಗ ಉದುರುತ್ತದೆ. ಬದನೆ ತನ್ನಷ್ಟಕ್ಕೇ ಫಲ ಕಟ್ಟಬಲ್ಲ ಗಿಡ, ದುಂಬಿ ಬಂದರೆ ಕಾಯಿ ಚೆನ್ನಾಗಿ ತುಂಬುತ್ತದೆ. ಆದರೆ ಅದೇ ದುಂಬಿ ಪಕ್ಕದ ಗದ್ದೆಯ ಬೇರೆ ಬದನೆಯ ಪರಾಗವನ್ನೂ ತರಬಹುದು. ಹೊಳೆ ಮತ್ತು ಕಡಲಿನ ನಡುವೆ ಸಿಕ್ಕಿಕೊಂಡ ಈ ಊರಿನಲ್ಲಿ ಎಲ್ಲರೂ ಒಂದೇ ಗುಳ್ಳ ಬೆಳೆಯುವುದರಿಂದ ತಳಿ ಬೆರೆಯದೆ ಉಳಿದಿದೆ ಎಂಬುದು ನನ್ನ ಊಹೆ. ಒಬ್ಬರ ಬೀಜ ಕೆಡದಿರಬೇಕಾದರೆ ನೆರೆಯವರೂ ಅದನ್ನೇ ನೆಡಬೇಕು. ಬೇಲಿ ಹಾಕಿ ಕಾಯುವ ವಸ್ತುವಲ್ಲ ಅದು.

ಬೀಜ ಇಡುವ ಕ್ರಮ ಸರಳ. ನಡು ಹಂಗಾಮಿನಲ್ಲಿ ಚೆಂದದ ಗಿಡದ ಚೆಂದದ ಕಾಯಿಯನ್ನು ಕೊಯ್ಯದೆ ಬಿಡುತ್ತಾರೆ. ಅದು ಹಳದಿಗೆ ತಿರುಗಿ ಹಣ್ಣಾದ ಮೇಲೆ ಬೀಜ ಬಿಡಿಸಿ, ಬೂದಿಯಲ್ಲಿ ಕಲಸಿ, ನೆರಳಲ್ಲಿ ಒಣಗಿಸಿ ಕಟ್ಟಿಡುತ್ತಾರೆ. ಅಂಗಡಿಯ ಪೊಟ್ಟಣ ಇಲ್ಲಿಗೆ ಬೇಕಾಗಿಲ್ಲ.

ಈ ಬೀಜ ಎಲ್ಲಿಂದ ಬಂತು ಎಂದು ಕೇಳಿದರೆ ಮಟ್ಟುವಿನಲ್ಲಿ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ಸೋದೆ ಮಠದ ಯತಿ ವಾದಿರಾಜರು. ಕಥೆ ಮಾತ್ರ ಹೇಳುವವರ ನಾಲಗೆಗೆ ತಕ್ಕಂತೆ ತುಸು ಬದಲಾಗುತ್ತದೆ. ವಾದಿರಾಜರು ಹಯಗ್ರೀವನಿಗೆ ದಿನವೂ ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿಯ ಮಡ್ಡಿಯನ್ನು ನೈವೇದ್ಯ ಮಾಡುತ್ತಿದ್ದರು, ದೇವರೇ ಕುದುರೆಯ ರೂಪದಲ್ಲಿ ಬಂದು ತಿನ್ನುತ್ತಿದ್ದ. ಆಗದವರು ಅದಕ್ಕೆ ವಿಷ ಬೆರೆಸಿದರು. ವಿಷವುಂಡ ವಿಗ್ರಹ ನೀಲಿಗಟ್ಟಿತು. ಆಮೇಲೆ ವಾದಿರಾಜರು ಮಟ್ಟುವಿನವರಿಗೆ ಬೀಜ ಕೊಟ್ಟು ಬೆಳೆಸಿ, ಆ ಗುಳ್ಳದ ಅಡುಗೆಯನ್ನು ದೇವರಿಗೆ ಅರ್ಪಿಸುತ್ತಾ ಹೋದಂತೆ ನೀಲಿ ಇಳಿಯಿತು. ವಾದಿರಾಜರು 16ನೇ ಶತಮಾನದವರು. ಉಡುಪಿಯ ಕೃಷ್ಣ ಮಠದಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು, ಅಂದರೆ ಪರ್ಯಾಯವನ್ನು, ಎರಡು ವರ್ಷಕ್ಕೆ ಏರಿಸಿದವರೂ ಅವರೇ. ಕಥೆಯನ್ನು ನಂಬುವುದು ಬಿಡುವುದು ಕೇಳುವವರ ಇಷ್ಟ. ಬೀಜ ಕೊಟ್ಟವರ ಹೆಸರು ಅದರಲ್ಲಿ ಉಳಿಯಿತು, ಆಮೇಲೆ ವರ್ಷ ವರ್ಷ ಬೂದಿಯಲ್ಲಿ ಕಲಸಿ ಇಟ್ಟವರ ಹೆಸರು ಉಳಿಯಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಆದರೂ ಈ ಕಥೆಗೆ ಒಂದು ದೊಡ್ಡ ಉಪಯೋಗವಾಗಿದೆ. ಹಂಗಾಮಿನ ಮೊದಲ ಗುಳ್ಳ ಉಡುಪಿಯ ಕೃಷ್ಣನಿಗೆ ಹೋಗುತ್ತದೆ. ಬೇರೆ ಊರಿನ ಬದನೆಗೆ ಇಲ್ಲದ ಒಬ್ಬ ಗಿರಾಕಿ ಈ ಬದನೆಗೆ ಸಿಕ್ಕಿದ. ಅವನು ರೇಟು ಕಡಿಮೆ ಇದೆ ಎಂದು ಬೇರೆ ಕಾಯಿಗೆ ಹೋಗುವವನಲ್ಲ. ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮ ಎನ್ನುತ್ತಾರೆ. ನೈವೇದ್ಯದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಕ್ಯಾಬೇಜು, ಹೂಕೋಸುಗಳಿಗೂ ಜಾಗವಿಲ್ಲ. ಮಡಿಯ ಲೆಕ್ಕ ಅದು. ಫಲಿತಾಂಶ ನೋಡಿದರೆ ಸುತ್ತಲಿನ ಬಾಳೆ, ಸುವರ್ಣಗಡ್ಡೆ, ಕುಂಬಳ, ಸೌತೆ, ಗುಳ್ಳಗಳಿಗೆ ಶತಮಾನಗಳಿಂದ ಬಾಗಿಲು ತೆರೆದೇ ಇದೆ. ಪರ್ಯಾಯಕ್ಕೆ ತಯಾರಿ ಶುರುವಾಗುವುದೇ ಬಾಳೆ ಮುಹೂರ್ತದಿಂದ. ಪೀಠ ಏರುವ ಸ್ವಾಮಿಗಳ ಮಠದವರು ಸುಮಾರು ಒಂದು ವರ್ಷ ಮೊದಲೇ ಬಾಳೆ ನೆಡುತ್ತಾರೆ. ನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಊಟಕ್ಕೆ ಎಲೆ ಹಾಕುವ ಮೊದಲು ಎಲೆಯ ಗಿಡ ನೆಡುವ ಅಡುಗೆಮನೆ ಇದು. ಸಮಸಂಖ್ಯೆಯ ವರ್ಷದ ಜನವರಿ 18ರಂದು ಪರ್ಯಾಯ. ಅದಕ್ಕೆ ಮುಂಚಿನ ದಿನಗಳಲ್ಲಿ ಊರೂರಿನಿಂದ ಹೊರೆಕಾಣಿಕೆ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿಗಳನ್ನು ಅಲಂಕರಿಸಿದ ವಾಹನಗಳಲ್ಲಿ ತುಂಬಿ, ಚೆಂಡೆ ವಾದ್ಯದ ಜೊತೆ ರಥಬೀದಿಗೆ ತರುತ್ತಾರೆ. ಮಟ್ಟುವಿನ ಪಾಲು ಗುಳ್ಳ.

ಸ್ಥಳೀಯ ಆಹಾರವನ್ನು ಉಳಿಸಬೇಕು ಎಂದು ಈಗ ಎಲ್ಲೆಡೆ ಮಾತು. ಸಂತೆ, ಮೇಳ, ಭಾಷಣ ಎಲ್ಲ ನಡೆಯುತ್ತವೆ. ಮಟ್ಟುವಿನ ಗದ್ದೆಯಲ್ಲಿ ನಿಂತಾಗ ನನಗೆ ಅನಿಸಿದ್ದು, ತಳಿಯೊಂದು ಉಳಿಯುವುದಕ್ಕೆ ಹತ್ತಿರದಲ್ಲಿ ಹಟಮಾರಿ ಬಾಯಿ ಇರಬೇಕು. ಇದೇ ಬೇಕು, ಅದರ ಬದಲು ಇನ್ನೊಂದು ಆಗದು ಎನ್ನುವ ಬಾಯಿ. ಇಲ್ಲಿ ಆ ಬಾಯಿ ಕೃಷ್ಣನದ್ದು, ಮದುವೆ ಮನೆಯ ಅಡುಗೆಯವರದ್ದು, ಮುಂಬಯಿಗೆ ಹೋಗುವ ಬಸ್ಸಿನಲ್ಲಿ ಚೀಲ ಕಳಿಸಿಕೊಡಿ ಎಂದು ಊರಿಗೆ ಫೋನ್ ಮಾಡುವವರದ್ದು. ಉಡುಪಿ ಹೋಟೆಲು ದೇಶದ ಮೂಲೆ ಮೂಲೆಗೆ ಹೋಯಿತು, ಮಸಾಲೆ ದೋಸೆಯನ್ನು ಎಲ್ಲರ ತಟ್ಟೆಗೆ ಹಾಕಿತು. ಗುಳ್ಳ ಅದರ ಜೊತೆ ಹೋಗಲಿಲ್ಲ. ಬೆಂಗಳೂರಿನ ಉಡುಪಿ ಹೋಟೆಲಿನ ಸಾಂಬಾರಿನಲ್ಲಿ ಈ ಕಾಯಿ ಹುಡುಕಿದರೆ ಸಿಗದು. ಅದು ಒಳ್ಳೆಯದಾಯಿತೋ ಏನೋ, ಹೋಗಿದ್ದರೆ ಇಷ್ಟು ಹೊತ್ತಿಗೆ ಎಲ್ಲೆಲ್ಲೋ ಬೆಳೆದ ಉರುಟು ಬದನೆಗೆಲ್ಲ ಮಟ್ಟುಗುಳ್ಳ ಎಂಬ ಹೆಸರು ಅಂಟಿರುತ್ತಿತ್ತು.

ಹೆಸರಿನ ಜಗಳ ಇಲ್ಲಿ ಇಲ್ಲದ್ದಲ್ಲ. ರುಚಿಗೆ ಹೆಸರಾದ ಕಾಯಿಯ ಹಿಂದೆ ನೋಡಲು ಹಾಗೇ ಇರುವ ಕಾಯಿಗಳು ಪೇಟೆಗೆ ಬರುತ್ತವೆ. ಮಟ್ಟುಗುಳ್ಳ ಬೆಳೆಗಾರರ ಸಂಘದವರು ಅದಕ್ಕಾಗಿ ಗುಳ್ಳವನ್ನು ಆರಿಸಿ, ದರ್ಜೆ ಮಾಡಿ, ಕಾಯಿಗೆ ಸ್ಟಿಕ್ಕರ್ ಅಂಟಿಸಿ ಕಳಿಸುವ ವ್ಯವಸ್ಥೆ ಮಾಡಿಕೊಂಡರು. 2011ರಲ್ಲಿ ಉಡುಪಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಆ ಮಾನ್ಯತೆಯ ಸ್ವಲ್ಪ ಹಿಂದಿನ ಕಥೆ ಇದಕ್ಕಿಂತ ಬಿಸಿಯಾಗಿತ್ತು. ಕೊರೆಯುವ ಹುಳುವನ್ನು ತಡೆಯಲು ಮಣ್ಣಿನ ಬ್ಯಾಕ್ಟೀರಿಯದ ವಂಶವಾಹಿಯೊಂದನ್ನು ಬದನೆಗೆ ಸೇರಿಸಿ ಬಿಟಿ ಬದನೆ ಮಾಡಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಬಳಸಿದ ಕರ್ನಾಟಕದ ತಳಿಗಳ ಸಾಲಿನಲ್ಲಿ ಉಡುಪಿಯ ಗುಳ್ಳವೂ ಇತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಾಗ ಗದ್ದಲವೆದ್ದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕರ ಮಾತು ಕೇಳಿದರು, ಕೊನೆಯ ಸಭೆ ಬೆಂಗಳೂರಿನಲ್ಲಿ. 2010ರ ಫೆಬ್ರುವರಿ 9ರಂದು ಬಿಟಿ ಬದನೆಗೆ ತಡೆ ಬಿತ್ತು. ಸ್ಥಳೀಯ ತಳಿಗಳನ್ನು 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಅನುಮತಿ ಪಡೆಯದೆ ಬಳಸಿದರೆಂದು ಬೆಂಗಳೂರಿನ ಪರಿಸರ ಸಂಘಟನೆಯೊಂದು ದೂರು ಕೊಟ್ಟಿತು, ಅದು ಕೋರ್ಟಿನವರೆಗೂ ಹೋಯಿತು. ದೇವರಿಗೆ ಹೋಗುವ ಕಾಯಿಯೊಳಗೆ ಯಾವುದೋ ಕ್ರಿಮಿಯ ಅಂಶ ಸೇರುತ್ತದೆ ಎಂಬ ಮಾತಿಗೆ ಉಡುಪಿಯಲ್ಲಿ ಜನ ಎದ್ದು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ವಿಜ್ಞಾನದ ವಾದ ಬೇರೆ, ಅದನ್ನು ಹಗುರವಾಗಿ ತಳ್ಳಲಾಗದು. ಹುಳುವಿಗೆ ಹೊಡೆಯುವ ವಿಷವೂ ನಮ್ಮ ಹೊಟ್ಟೆಗೇ ಬರುವುದಲ್ಲವೇ. ಆದರೆ ಬೀಜ ಇಟ್ಟುಕೊಂಡವರನ್ನು ಒಂದು ಮಾತು ಕೇಳದೆ ಬೀಜ ಒಯ್ಯುವುದು ಯಾವ ವಿಜ್ಞಾನದಲ್ಲೂ ಸರಿಯಲ್ಲ.

ಗದ್ದೆಯಿಂದ ಮನೆಗಳ ಕಡೆ ನಡೆದರೆ ಗುಳ್ಳವೊಂದೇ ಅಲ್ಲ ಎಂದು ಗೊತ್ತಾಗುತ್ತದೆ. ಬಾವಿಕಟ್ಟೆಯ ನೀರು ಹರಿದುಹೋಗುವ ಜಾಗದಲ್ಲಿ ಬಸಳೆಯ ಚಪ್ಪರ. ಅದರ ಬುಡಕ್ಕೆ ಪಾತ್ರೆ ತೊಳೆದ ನೀರು, ಒಲೆಯ ಬೂದಿ. ಕೆಂಪು ಹರಿವೆ ಎರಡು ಸಾಲು, ಅಲಸಂಡೆಯ ಬಳ್ಳಿ ಅಡರಿದ ಕೋಲುಗಳು, ನೆಲದಲ್ಲಿ ಹರಡಿದ ಸೌತೆ, ತೊಂಡೆಯ ಚಪ್ಪರ. ಇವುಗಳಿಗೆ ಸಂಘವಿಲ್ಲ, ಸ್ಟಿಕ್ಕರ್ ಇಲ್ಲ, ಕಥೆಯೂ ಇಲ್ಲ. ಮನೆಗೆ ಬೇಕಾದ್ದು ತೆಗೆದುಕೊಂಡು ಉಳಿದದ್ದು ನೆರೆಮನೆಗೆ, ಇಲ್ಲವೇ ಕಟಪಾಡಿ ಪೇಟೆಯ ಅಂಗಡಿಗೆ. ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗಿಸಿ ಮಳೆಗಾಲದವರೆಗೆ ಇಡುವ ಕ್ರಮ ಹಳೆಯ ಮನೆಗಳಲ್ಲಿ ಈಗಲೂ ಉಂಟು. ಆಟಿಯ ಮಳೆಯಲ್ಲಿ ತರಕಾರಿ ಸಿಗದಾಗ ಸುಗ್ಗಿಯ ಸೌತೆ ಇಳಿಯುತ್ತದೆ. ಪಕ್ಕದ ಶಂಕರಪುರದ್ದು ಇನ್ನೊಂದು ಲೋಕ. ಅಲ್ಲಿ ಅಂಗಳದ ಮಲ್ಲಿಗೆಯೇ ಮನೆ ನಡೆಸುತ್ತದೆ. 800 ಹೂವಿನ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಹೆಂಗಸರು ಬೆಳಿಗ್ಗೆಯೇ ಕಟ್ಟಿ ಮುಗಿಸುತ್ತಾರೆ. ಎರಡು ಊರುಗಳ ನಡುವೆ ಒಂದು ಹೆದ್ದಾರಿಯಷ್ಟೇ ಅಂತರ, ಎರಡಕ್ಕೂ ಉಡುಪಿಯ ದೇವರು ಮತ್ತು ಮದುವೆಗಳೇ ಆಧಾರ.

ಕಡಲ ಕಡೆಯ ರಸ್ತೆಗೆ ಬಂದರೆ ಎಡಕ್ಕೆ ಅಲೆ, ಬಲಕ್ಕೆ ಹೊಳೆ. ಬೇಸಗೆಯಲ್ಲಿ ಮೇಲಿನಿಂದ ಬರುವ ನೀರು ಕಡಿಮೆಯಾದಂತೆ ಭರತದ ಹೊತ್ತಿಗೆ ಉಪ್ಪುನೀರು ಹೊಳೆಯಲ್ಲಿ ಹಿಂದಕ್ಕೆ ಏರುತ್ತದೆ. ಹೊಳೆ ಬದಿಯ ಗದ್ದೆಗೆ ಅದು ನುಗ್ಗಿದರೆ ಗಿಡದ ಎಲೆಯಂಚು ಸುಡುತ್ತದೆ. ದಂಡೆ ಕಟ್ಟುವುದು, ಹಲಗೆ ಹಾಕಿ ತಡೆಯುವುದು, ಬಾವಿಯ ನೀರು ಸಿಹಿಯಾಗಿದೆಯೇ ಎಂದು ನಾಲಗೆಗೆ ಹಾಕಿ ನೋಡುವುದು, ಇವೆಲ್ಲ ಇಲ್ಲಿನ ಕೃಷಿಯ ಭಾಗ. ಸಸಿ ನೆಟ್ಟ ಹೊಸದರಲ್ಲಿ ಅಕಾಲದ ಮಳೆ ಬಂದರೆ ಬುಡ ಕೊಳೆತು ಮತ್ತೆ ನೆಡಬೇಕು. ಈಚೆಗೆ ನವಿಲು ಬೇರೆ. ರಾಷ್ಟ್ರಪಕ್ಷಿಯನ್ನು ಓಡಿಸುವುದಕ್ಕೂ ಹೆದರಬೇಕು ಎಂದು ಒಬ್ಬರು ನಕ್ಕರು. ತೀರದ ಜಾಗಕ್ಕೆ ರೆಸಾರ್ಟಿನವರು ಕೊಡುವ ಬೆಲೆಯ ಮುಂದೆ ಗುಳ್ಳದ ಗದ್ದೆ ಎಷ್ಟು ದಿನ ನಿಂತೀತು ಎಂಬ ಪ್ರಶ್ನೆಗೆ ಮಾತ್ರ ಯಾರೂ ನಗಲಿಲ್ಲ.

ಇನ್ನು ತಿನ್ನುವ ಮಾತು. ಗುಳ್ಳದ ಸಿಪ್ಪೆ ತೆಳು. ಬೆಂದ ಮೇಲೆ ಹೋಳು ಬೆಣ್ಣೆಯಂತೆ ಕರಗುತ್ತದೆ, ಕಹಿ ಇಲ್ಲ, ಗಂಟಲು ತುರಿಸುವುದಿಲ್ಲ. ತೆಂಗಿನಕಾಯಿ ಹಾಕದ ಬೋಳು ಹುಳಿಯಲ್ಲಿ ಅದರ ರುಚಿ ನೆಟ್ಟಗೆ ಸಿಗುತ್ತದೆ. ಕೊತ್ತಂಬರಿ, ಮೆಣಸು ಹುರಿದು ಕಾಯಿಯ ಜೊತೆ ಅರೆದು ಹಾಕಿದ ಹುಳಿಯನ್ನು ಮಾಡುವವರೇ ಹೆಚ್ಚು, ಅದಕ್ಕೆ ಹಲಸಿನ ಬೀಜ ಸೇರಿದರೆ ಇನ್ನೂ ಮೇಲು. ತುಳು ಮನೆಗಳಲ್ಲಿ ಕೊದ್ದೆಲು ಎನ್ನುವುದು ಇದನ್ನೇ. ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಹಸಿಮೆಣಸು ಹಿಚುಕಿ, ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟರೆ ಗೊಜ್ಜು. ಬಿಲ್ಲೆ ಕೊಯ್ದು ಹಿಟ್ಟಿನಲ್ಲಿ ಅದ್ದಿ ಕರಿದರೆ ಪೋಡಿ. ಮಠದ ಕಥೆ ಕೇಳಿದವರು ಇದು ಬ್ರಾಹ್ಮಣರ ಅಡುಗೆಯ ಕಾಯಿ ಎಂದು ತಿಳಿಯುವುದುಂಟು. ಕಡಲ ಬದಿಯ ಮನೆಯೊಂದರಿಂದ ಬಂದ ವಾಸನೆ ಬೇರೆಯೇ ಹೇಳಿತು. ಒಣ ಸಿಗಡಿಯನ್ನು ಹುರಿದು ಬದನೆಯ ಜೊತೆ ಹಾಕಿದ ಗಸಿಯನ್ನು ಕುಚ್ಚಲಕ್ಕಿ ಗಂಜಿಗೆ ನೆಂಚಿಕೊಂಡವರು ಅದರ ವಿಷಯದಲ್ಲಿ ವಾದ ಮಾಡುವುದಿಲ್ಲ. ಹಟಮಾರಿ ಬಾಯಿಗಳ ಲೆಕ್ಕಕ್ಕೆ ಇವರೂ ಸೇರಬೇಕು, ಬಹುಶಃ ಇವರೇ ಹೆಚ್ಚು.

ಹೋಗುವವರಿಗೆ ಒಂದೆರಡು ಮಾತು. ಉಡುಪಿಯಿಂದ ಮಂಗಳೂರು ಕಡೆಯ ಬಸ್ಸುಗಳು ಕಟಪಾಡಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಮಟ್ಟುವಿಗೆ ರಿಕ್ಷಾ. ಗದ್ದೆಗೆ ಇಳಿಯುವ ಮೊದಲು ಕೇಳಿ ಇಳಿಯಿರಿ, ಏರಿಯ ಮೇಲೆ ಕಾಲಿಡಬೇಡಿ. ಕೊಳ್ಳುವಾಗ ಕಾಯಿಯನ್ನು ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕೆ ಹಗುರವಾಗಿದ್ದರೆ ಒಳಗೆ ಬೀಜ ಕಡಿಮೆ. ತೊಟ್ಟು ಹಸಿರಾಗಿರಬೇಕು, ಮುಳ್ಳು ಚುಚ್ಚುವ ಹಾಗಿರಬೇಕು. ಚೌಕಾಸಿ ಮಾಡುವುದಾದರೆ ಮಾಲ್‌ನಲ್ಲಿ ಮಾಡಿ ಬನ್ನಿ, ಇಲ್ಲಿ ಬೇಡ. ಹಂಗಾಮು ಶುರುವಿನಲ್ಲಿ ದರ ಏರಿರುತ್ತದೆ, ಎಲ್ಲ ಗದ್ದೆಗಳಲ್ಲಿ ಕಾಯಿ ಬಿದ್ದಾಗ ಇಳಿಯುತ್ತದೆ. ಬೆಳೆದವರಿಗೆ ನೀವು ಬೇಕಾಗುವುದು ಆ ಇಳಿದ ದಿನಗಳಲ್ಲಿ. ಬಿಸು ಕಳೆದು ಪಗ್ಗು ತಿಂಗಳು ಮುಗಿಯುವ ಹೊತ್ತಿಗೆ ಗಿಡ ದಣಿಯುತ್ತದೆ, ಕಾಯಿ ಸಣ್ಣದಾಗಿ ಬೀಜ ಬಲಿಯುತ್ತದೆ. ಆಗಿನದ್ದು ಹುಳಿಗೆ ಆದೀತು, ಪೋಡಿಗೆ ಆಗುವುದಿಲ್ಲ.